ನಾನೂರ ಹದಿನೇಳನೇ ಡಿಸ್ಕು

ಸೇಡು ಎಂದರೆ ಕುಡುಗೋಲು ಹಿಡಿದು ಓಡುವುದು ಎಂದು ತಿಳಿದವರು ಸ್ಟೋರಿನ ಗುಮಾಸ್ತರನ್ನು ಕಂಡವರಲ್ಲ. ಕರೇಮಟ್ಟಿ ರಸಗೊಬ್ಬರ ಕಾರ್ಖಾನೆಯ ಸ್ಟೋರಿನಲ್ಲಿ ನೀಲಗಂಗಮ್ಮ ಇಪ್ಪತ್ನಾಲ್ಕು ವರ್ಷ ತನ್ನ ಸೇಡನ್ನು ಸಾಕಿದಳು. ಹೇಗೆಂದರೆ, ವರ್ಷಕ್ಕೊಮ್ಮೆ ಸಾಮಾನು ತಪಾಸಣೆಯ ಪಟ್ಟಿ ಬಂದಾಗ ನಾನೂರ ಹದಿನೇಳನೇ ನಂಬರಿನ ಮುಂದೆ ‘ಸುಸ್ಥಿತಿಯಲ್ಲಿದೆ’ ಎಂದು ಬರೆದು ಸಹಿ ಹಾಕುವುದು. ಅಷ್ಟೇ. ಆ ಒಂದು ಶಬ್ದದಿಂದ ಏನಾದರೂ ಆದೀತೆಂಬ ಖಾತ್ರಿ ಆಕೆಗೂ ಇರಲಿಲ್ಲ, ಆದರೂ ಬರೆಯುವುದನ್ನು ಬಿಡಲಿಲ್ಲ.

ನಾನೂರ ಹದಿನೇಳು ಎಂದರೆ ಒಂದು ಹಾರ್ಡ್ ಡಿಸ್ಕು. ಅಂಗೈ ಅಗಲದ ಲೋಹದ ಡಬ್ಬಿ, ಮೇಲೆ ಬಿಳಿ ಬಣ್ಣದಲ್ಲಿ ಬರೆದ ಆಸ್ತಿ ನಂಬರು. ಅನಿಲ ಸೋರಿದ ದಿನ ಕಂಟ್ರೋಲ್ ರೂಮಿನ ಕಂಪ್ಯೂಟರಿನಲ್ಲಿ ಇದ್ದದ್ದು ಅದೇ. ಯಾವ ಬಾಗಿಲು ಯಾವಾಗ ತೆರೆಯಿತು, ಯಾವ ಅಲಾರಂ ಯಾರು ನಿಲ್ಲಿಸಿದರು ಎಂಬುದೆಲ್ಲ ನಿಮಿಷ ನಿಮಿಷಕ್ಕೂ ಅದರಲ್ಲಿ ದಾಖಲಾಗುತ್ತಿತ್ತು. ಆ ದಾಖಲೆಯ ಪ್ರಕಾರ ಬೆಳಗಿನ ಹನ್ನೊಂದು ಗಂಟೆ ಏಳು ನಿಮಿಷಕ್ಕೆ ಅಮೋನಿಯಾ ಅಲಾರಂ ಬಂದ್ ಮಾಡಿದವನು ಆಪರೇಟರ್ ಗುರುಪಾದಪ್ಪ. ಲೋಡಿಂಗ್ ಶೆಡ್ಡಿನಲ್ಲಿದ್ದ ಹನ್ನೊಂದು ಮಂದಿಯಲ್ಲಿ ನಾಲ್ವರು ಸತ್ತರು. ಗುರುಪಾದಪ್ಪ ಅದೇ ಶೆಡ್ಡಿನ ಹೊರಗೆ ಎಚ್ಚರ ತಪ್ಪಿ ಬಿದ್ದಿದ್ದ. ಜಾಗ ಬಿಟ್ಟು ಓಡಿಹೋಗುವಾಗ ಬಿದ್ದ ಎಂದು ವಿಚಾರಣಾ ಸಮಿತಿ ಬರೆಯಿತು. ಅವನು ನೀಲಗಂಗಮ್ಮನ ಗಂಡ.

ಒಂಬತ್ತು ದಿನ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿ ಮಲಗಿ ಎದ್ದವನಿಗೆ ಆ ಬೆಳಗಿನದು ಒಂದಿಷ್ಟೂ ನೆನಪಿರಲಿಲ್ಲ. ಹೆಂಡತಿ ಅತ್ತು ಕೇಳಿದಳು, ಬೈದು ಕೇಳಿದಳು. ಅವನು ಹೇಳಿದ್ದು ಒಂದೇ ಮಾತು: “ಕಂಪ್ಯೂಟರ್ ಯಾಕ ಸುಳ್ಳು ಹೇಳ್ತೈತಿ ನೀಲಾ? ಅದಕ್ಕ ನನ್ನ ಮ್ಯಾಲ ಏನು ಹಗಿ?”

ಕಂಪ್ಯೂಟರಿಗೆ ಹಗೆ ಇರಲಿಲ್ಲ, ನಿಜ. ಆದರೆ ನೀಲಗಂಗಮ್ಮ ಮತ್ತೆ ಕೆಲಸಕ್ಕೆ ಬಂದ ದಿನ ಗೇಟ್ ಪಾಸಿನ ಪುಸ್ತಕ ತಿರುವಿದಾಗ ಒಂದು ಹಾಳೆ ಸಿಕ್ಕಿತ್ತು. ಅಪಘಾತದ ಮರುದಿನ ಶಿಫ್ಟ್ ಮ್ಯಾನೇಜರ್ ಪಂಪಣ್ಣ ಮಾಲಿಪಾಟೀಲರು ನಾನೂರ ಹದಿನೇಳನ್ನು ‘ರಿಪೇರಿಗೆ’ ಎಂದು ಹೊರಗೆ ಒಯ್ದು ಎರಡು ದಿನ ಬಿಟ್ಟು ವಾಪಸ್ ತಂದಿದ್ದರು. ಚೆನ್ನಾಗಿದ್ದ ಡಿಸ್ಕಿಗೆ ಎಂಥ ರಿಪೇರಿ? ಹಾಳೆ ಹಿಡಿದು ಸಮಿತಿಯ ಮುಂದೆ ನಿಂತಳು. “ಗಂಡನ್ನ ಉಳಿಸ್ಕೊಳ್ಳಾಕ ಹೆಂಡತಿ ಯಾವ ಕಾಗದನಾದ್ರೂ ತರ್ತಾಳ” ಎಂದು ನಕ್ಕು ಕಳಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ದೊಡ್ಡ ಕಾರ್ಖಾನೆಗಳಲ್ಲಿ ಇನ್ನೂ ದೊಡ್ಡದಾಗಿಯೇ ನಡೆಯುತ್ತದೆ.

ಮಾಲಿಪಾಟೀಲರು ಅವತ್ತೇ ಆ ಡಿಸ್ಕನ್ನು ಸುತ್ತಿಗೆಯಿಂದ ಜಜ್ಜಿ ಹಳ್ಳಕ್ಕೆ ಎಸೆದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಸರಕಾರಿ ಕಾರ್ಖಾನೆಯ ಅನ್ನ ತಿಂದವರಿಗೆ ಅದು ಸಾಧ್ಯವಿಲ್ಲದ ಮಾತು. ಆಸ್ತಿ ನಂಬರು ಬಿದ್ದ ಕಸಬರಿಗೆಯನ್ನೂ ಅಲ್ಲಿ ಹಾಗೆ ಎಸೆಯುವಂತಿಲ್ಲ. ‘ನಿರುಪಯೋಗಿ’ ಎಂದು ಕಂಡೆಮ್ ಮಾಡಬೇಕು, ಅದಕ್ಕೆ ಸಮಿತಿ ಕೂಡಬೇಕು, ಏಳು ಸಹಿ ಬೀಳಬೇಕು. ಏಳರಲ್ಲಿ ಒಬ್ಬನಾದರೂ ‘ಎರಡು ವರ್ಷದ ಡಿಸ್ಕು ಯಾಕೆ ಹಾಳಾಯಿತು’ ಎಂದು ಕೇಳಿಯೇ ಕೇಳುತ್ತಾನೆ. ಮನುಷ್ಯನ ಬಾಳನ್ನು ಹಾಳು ಮಾಡಲು ಹೆದರದ ಮಾಲಿಪಾಟೀಲರು ಆ ಫಾರಂಗೆ ಹೆದರಿದರು. ಹಳೆಯ ದಾಖಲೆ ಅಳಿಸಿ, ಅದೇ ಡಿಸ್ಕಿನ ಮೇಲೆ ಹೊಸದು ಬರೆಸಿ, ನಂಬರು ಒರೆಸಿ ಹೊಳಪು ಮಾಡಿ ಸ್ಟೋರಿಗೆ ಒಪ್ಪಿಸಿದರು.

ಇದೆಲ್ಲ ನೀಲಗಂಗಮ್ಮನ ಊಹೆ. ಪುರಾವೆ ಇಲ್ಲದ ಊಹೆ ಹೊಟ್ಟೆಯಲ್ಲಿ ಬೆಂಕಿಯಂತೆ ಉರಿಯುತ್ತದೆಯೇ ಹೊರತು ಯಾರ ಮನೆಯನ್ನೂ ಸುಡುವುದಿಲ್ಲ.

ಮಾಲಿಪಾಟೀಲರು ಜನರಲ್ ಮ್ಯಾನೇಜರಾಗಿ ನಿವೃತ್ತರಾದರು. ಆಮೇಲೂ ಪ್ರತಿ ವರ್ಷ ಸುರಕ್ಷತಾ ಸಪ್ತಾಹಕ್ಕೆ ಬಂದು ಕಾಲನಿಯ ಶಾಲೆಯ ಮಕ್ಕಳಿಗೆ ಭಾಷಣ ಮಾಡುವರು: “ಒಬ್ಬ ಆಪರೇಟರ್, ಹೆಸರು ಬ್ಯಾಡ, ಕಿವಿಗೆ ಕಿರಿಕಿರಿ ಅಂತ ಅಲಾರಂ ಬಂದ್ ಮಾಡಿದ. ನಾಲ್ಕು ಹೆಣ ಬಿದ್ದು.” ಹೆಸರು ಹೇಳುವ ಅಗತ್ಯವೇನು, ಎಲ್ಲ ಮಕ್ಕಳಿಗೂ ಆ ಮನೆ ಗೊತ್ತಿತ್ತು.

ಆ ಮನೆ ಕಾಲನಿಯ ಕೊನೆಯ ಸಾಲಿನಲ್ಲಿತ್ತು. ಗುರುಪಾದಪ್ಪ ಮುಂಬಾಗಿಲಿನಿಂದ ಹೊರಗೆ ಬಂದದ್ದನ್ನು ಇಪ್ಪತ್ನಾಲ್ಕು ವರ್ಷದಲ್ಲಿ ಒಂದು ಸಲ ಬಿಟ್ಟರೆ ಯಾರೂ ನೋಡಿಲ್ಲ. ಹಿತ್ತಲಲ್ಲಿ ಕೂತು ಮಿಕ್ಸರು, ಫ್ಯಾನು ರಿಪೇರಿ ಮಾಡುತ್ತಿದ್ದ. ಆರಂಭದಲ್ಲಿ ಆ ಒಂದು ಸಲ ಅಂಗಡಿಗೆ ಹೋಗಿದ್ದಾಗ, ಸತ್ತ ನಾಲ್ವರಲ್ಲಿ ಒಬ್ಬನಾದ ಯಮನೂರಪ್ಪನ ಹೆಂಡತಿ ಹುಲಿಗೆಮ್ಮ ನಡುರಸ್ತೆಯಲ್ಲಿ ಅವನ ಮುಖಕ್ಕೆ ಉಗುಳಿದ್ದಳು. ಅವನು ಒರೆಸಿಕೊಳ್ಳಲೂ ಇಲ್ಲ. ಪ್ರತಿ ಅಮಾವಾಸ್ಯೆ ನಾಲ್ಕು ಜೋಳದ ರೊಟ್ಟಿ ಬೇರೆ ತೆಗೆದಿಟ್ಟು, ನಾಲ್ಕು ಹೆಸರು ಹೇಳಿ, ದನಗಳಿಗೆ ತಿನ್ನಿಸುತ್ತಿದ್ದ. ಆ ನಾಲ್ಕು ರೊಟ್ಟಿ ಬಡಿಯುವಾಗ ನೀಲಗಂಗಮ್ಮನ ಕೈ ಎಷ್ಟು ಜೋರಾಗಿ ಬೀಳುತ್ತಿತ್ತೆಂದರೆ ಪಕ್ಕದ ಮನೆಯವರಿಗೂ ಇವತ್ತು ಅಮಾವಾಸ್ಯೆ ಎಂದು ತಿಳಿಯುತ್ತಿತ್ತು.

“ಸಾಕು ಬಿಡ್ರಿ ಈ ಪ್ರಾಯಶ್ಚಿತ್ತ. ನೀವು ಗ್ಯಾಸಿನ ಒಲಿ ಆರಿಸಿ ಮೂರು ಸಲ ಮುಟ್ಟಿ ನೋಡೋ ಮನಷ್ಯಾ. ನೀವು ಅಲಾರಂ ಬಂದ್ ಮಾಡ್ತೀರಾ?”

“ಮಾಡೀನಿ ಅಂತ ಬರ್ದೈತಲ್ಲ.”

ಆ ಒಂದು ಮಾತು ಕೇಳಿದರೆ ಆಕೆಗೆ ಮೈಯೆಲ್ಲ ಉರಿಯುತ್ತಿತ್ತು. ಮಾಲಿಪಾಟೀಲರು ಅವನ ನೌಕರಿ ಕಿತ್ತುಕೊಂಡದ್ದಕ್ಕಿಂತ, ಅವನ ತಲೆಯೊಳಗೆ ಕೈ ಹಾಕಿ ಮಾಡದ ಪಾಪವನ್ನು ಇಟ್ಟು ಹೋದದ್ದೇ ಆಕೆಗೆ ಹೆಚ್ಚು ಸಂಕಟ. ಅದನ್ನು ಅವರ ಕೈಯಿಂದಲೇ ಹೊರಗೆ ತೆಗೆಸಬೇಕು. ಆಕೆಗೆ ಬೇಕಾದದ್ದು ಅಷ್ಟೇ, ಅದಕ್ಕಿಂತ ಕಡಿಮೆಯದು ಬೇಡ.

ಇಪ್ಪತ್ನಾಲ್ಕನೇ ವರ್ಷ ಹೊಸ ಕಾಯ್ದೆ ಬಂತು. ವಿಷಾನಿಲ ಬಳಸುವ ಎಲ್ಲ ಕಾರ್ಖಾನೆಗಳೂ ತಮ್ಮ ಹಳೆಯ ಹಾರ್ಡ್ ಡಿಸ್ಕುಗಳನ್ನೆಲ್ಲ ಹೊಸ ಗಾಜಿನ ಗಣಕಕ್ಕೆ ವರ್ಗಾಯಿಸಬೇಕು. ಈ ಗಣಕ ಗಾಜಿನ ಬಿಲ್ಲೆಯೊಳಗೆ ಬೆಳಕಿನಿಂದ ಕೊರೆದು ಬರೆಯುತ್ತದೆ. ಒಮ್ಮೆ ಬರೆದದ್ದನ್ನು ಬ್ರಹ್ಮ ಬಂದರೂ ಅಳಿಸಲಾಗದು. ಹಳೆಯ ಡಿಸ್ಕುಗಳು ಓದಲಾಗದಷ್ಟು ಸವೆದಿರುತ್ತವಲ್ಲ, ಅವನ್ನು ಓದಲು ಗದಗಿನ ಕಡೆಯ ವಿಜ್ಞಾನಿ ಫರ್ಹಾನಾ ನದಾಫ್ ಒಂದು ಯಂತ್ರದೊಂದಿಗೆ ಬಂದಿಳಿದಳು. ಆ ಯಂತ್ರಕ್ಕೆ ಅಂಚುಗಣ್ಣು ಎಂದು ಹೆಸರು. ಡಿಸ್ಕುಗಳನ್ನು ನಂಬರು ಹಚ್ಚಿ ಒಪ್ಪಿಸುವ ಕೆಲಸ ನೀಲಗಂಗಮ್ಮನಿಗೆ ಬಿತ್ತು.

ಮೂರನೇ ದಿನ ಪರದೆಯ ಮೂಲೆಯಲ್ಲಿ ‘ಕಸ’ ಎಂಬ ಹೆಸರಿನ ಒಂದು ಕಡತ ಬೆಳೆಯುತ್ತಿರುವುದನ್ನು ಆಕೆ ಕಂಡಳು.

“ಏನವ್ವಾ ಇದು?”

“ಅದು ಕೆಳಗಿನ ಪದರ್ರಿ ಅಮ್ಮಾರ. ಅಳಿಸಿದ ಬರಹ. ನೀವು ಬಾಗಲ ಮುಂದ ನಿನ್ನಿ ರಂಗೋಲಿ ಅಳಿಸಿ ಅದರ ಮ್ಯಾಲ ಇವತ್ತಿಂದು ಹಾಕಿದ್ರ ಎಲ್ಲಾ ಗೆರಿ ಬರೋಬ್ಬರಿ ಅದರ ಮ್ಯಾಲ ಬೀಳ್ತಾವೇನ್ರಿ? ಒಂದೆಳಿ ಆಚೀಚೆ ಆಗೇ ಆಗ್ತಾವ. ಡಿಸ್ಕಿನ್ಯಾಗೂ ಹಂಗ. ಬರಿಯೋ ಮುಳ್ಳು ಬಿಸಿಗೆ ಹಿಗ್ಗಿ ಎರಡನೇ ಸಲ ಚೂರು ಸರದು ಬರೀತೈತಿ. ಅಂಚಿನ್ಯಾಗ ಹಳೇದು ಉಳೀತೈತಿ. ಈ ಯಂತ್ರ ಆ ಅಂಚನ್ನೂ ಓದ್ತೈತಿ. ನಮಗ ಅದು ಬೇಕಾಗಿಲ್ಲ, ಏಳು ದಿನಕ್ಕ ತಾನಾ ಹೊರಗ ಹಾಕ್ತೈತಿ.”

ನೀಲಗಂಗಮ್ಮ ಎದ್ದು ಬೀರುವಿನ ಬೀಗ ತೆಗೆದಳು. ನಾನೂರ ಹದಿನೇಳನ್ನು ತಂದು ಫರ್ಹಾನಾಳ ಮೇಜಿನ ಮೇಲೆ ಇಟ್ಟು, “ಇದರ ಕಸ ನೋಡಬೇಕವ್ವಾ” ಎಂದಳು. ಯಾಕೆ ಎಂದು ಫರ್ಹಾನಾ ಕೇಳಿದಳು. ನೀಲಗಂಗಮ್ಮ ಹೇಳಿದಳು. ಹೇಳಿ ಮುಗಿಸುವ ಹೊತ್ತಿಗೆ ಚಹಾ ಆರಿ ಕೆನೆಗಟ್ಟಿತ್ತು.

ಯಂತ್ರ ನಾಲ್ಕು ತಾಸು ಓದಿತು. ಆ ನಾಲ್ಕು ತಾಸು ನೀಲಗಂಗಮ್ಮ ಕೂತಲ್ಲಿಂದ ಏಳಲಿಲ್ಲ. ಕೊನೆಗೆ ಪರದೆಯ ಮೇಲೆ ಸಾಲುಗಳು ಬಂದವು, ಒಂದೊಂದು ಅಕ್ಷರ ಮಸುಕು, ಉಳಿದದ್ದೆಲ್ಲ ಸ್ಪಷ್ಟ. ಆಕೆ ಓದಿದಳು. ಇನ್ನೊಮ್ಮೆ ಓದಿದಳು. ಅಳು ಬರುತ್ತದೆಂದು ಫರ್ಹಾನಾ ನೀರಿನ ಬಾಟಲಿ ಹಿಡಿದು ನಿಂತಿದ್ದಳು, ಆದರೆ ನೀಲಗಂಗಮ್ಮನಿಗೆ ಬಂದದ್ದು ನಗು. ಆ ನಗು ಕಂಡು ಫರ್ಹಾನಾ ಒಂದು ಹೆಜ್ಜೆ ಹಿಂದೆ ಸರಿದಳು.

“ಪೊಲೀಸರಿಗೆ ಕೊಡೂಣ್ರಿ ಅಮ್ಮಾರ.”

“ಕೊಟ್ಟು? ಕೆಳಗಿನ ಪದರಕ್ಕ ಕಾಯ್ದೆದಾಗ ಏನಂತಾರ?”

ಫರ್ಹಾನಾ ತಲೆ ತಗ್ಗಿಸಿದಳು. “ಕಸ ಅಂತಾರ್ರಿ. ಆ ಡಿಸ್ಕು ಹಿಂದ ಯಾರ ಕೈಯಾಗ ಇತ್ತೋ ಅವರು ಓದಿ ಒಪ್ಪಿಸಿದ್ರ ಮಾತ್ರ ದಾಖಲಿ ಆಗ್ತೈತಿ.”

ಓದಿ ಒಪ್ಪಿಸುವುದು ಸ್ಟೋರಿನ ಹಳೆಯ ಪದ್ಧತಿ. ಸಾಮಾನು ಒಬ್ಬರ ವಶದಿಂದ ಇನ್ನೊಬ್ಬರ ವಶಕ್ಕೆ ಹೋಗುವಾಗ ಕೊಡುವವನು ಮೊದಲು ‘ಇದರಲ್ಲಿರುವುದೆಲ್ಲ ನಾನು ಒಪ್ಪಿಸಿದ್ದು’ ಎಂದು ಹೆಬ್ಬೆಟ್ಟು ಒತ್ತಬೇಕು, ಆಮೇಲೆ ಸಾಲುಸಾಲಾಗಿ ಗಟ್ಟಿಯಾಗಿ ಓದಬೇಕು. ಎದುರಿನವನು ಪ್ರತಿ ಸಾಲಿಗೂ ‘ಹೌದು’ ಎನ್ನಬೇಕು. ಹೊಸ ಕಾಯ್ದೆ ಬರೆದವರು ಈ ಪದ್ಧತಿಯನ್ನು ಹಾಗೆಯೇ ಎತ್ತಿ ಗಾಜಿನ ಗಣಕಕ್ಕೂ ಹಚ್ಚಿದ್ದರು. ನಾನೂರ ಹದಿನೇಳು ಸ್ಟೋರಿಗೆ ಮರಳುವ ಮೊದಲಿನ ಕೊನೆಯ ವಶ ಗೇಟ್ ಪಾಸಿನ ಪ್ರಕಾರ ಪಿ. ಮಾಲಿಪಾಟೀಲ. ಎದುರಿನವನು ದಾಖಲೆಯಲ್ಲಿ ಹೆಸರಿರುವವನು, ಅಂದರೆ ಅವತ್ತಿನ ಆಪರೇಟರ್.

ನೀಲಗಂಗಮ್ಮ ನೋಟೀಸು ಟೈಪು ಮಾಡಿದಳು. ಮಾಲಿಪಾಟೀಲರಿಗೆ ತಾನೇ ಹೋಗಿ ಕೊಟ್ಟಳು. ಎಪ್ಪತ್ತೊಂದರ ಮುದುಕರು ಕನ್ನಡಕ ಏರಿಸಿ ಓದಿ, ಖುಷಿಯಾದರು.

“ಗಾಜಿನ್ಯಾಗ ಕೂರ್ತದಂತಲ್ಲ? ಯಾರೂ ಅಳಸಾಕ ಬರಂಗಿಲ್ಲ?”

“ಯಾರೂ ಬರಂಗಿಲ್ರಿ ಸಾಹೇಬ್ರ.”

“ಛಲೋ ಆತು. ಮುಂದಿನವರಿಗೆ ಪಾಠ ಆಗ್ತದ.” ಆಮೇಲೆ ಏನೋ ನೆನಪಾದವರಂತೆ, “ನಿನಗ ಬ್ಯಾಸರ ಆಗಬಾರ್ದಮ್ಮ” ಎಂದರು.

“ನನಗ್ಯಾತರ ಬ್ಯಾಸರ್ರಿ” ಎಂದಳು ನೀಲಗಂಗಮ್ಮ.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೇ? ಇಪ್ಪತ್ನಾಲ್ಕು ವರ್ಷ ಕಂಡಿರಲಿಲ್ಲ, ಅದೂ ನಿಜ.

ಗಂಡನಿಗೆ ಆಕೆ ಕೆಳಗಿನ ಪದರದ ಮಾತು ಎತ್ತಲಿಲ್ಲ. ಹೇಳಿದ್ದರೆ ‘ನನ್ನ ಮ್ಯಾಲಿನ ಮಮತೆಗೆ ನೀನಾ ಬರಸೀದಿ’ ಎನ್ನುತ್ತಿದ್ದ. “ಹಳೇ ಡಿಸ್ಕು ಓದಿ ಒಪ್ಪಸ್ತಾರ, ನೀವು ಹೌದು ಅನ್ನಬೇಕು” ಎಂದಷ್ಟೇ ಅಂದಳು. ಅವನು ಕೈಯಲ್ಲಿದ್ದ ಮಿಕ್ಸರಿನ ಬ್ಲೇಡು ಕೆಳಗಿಟ್ಟ.

“ಆತು. ಎಲ್ಲಾರ ಮುಂದ ಒಂದ್ಸಲ ಒಪ್ಕೊಂಡ್ರ ಎದಿ ಹಗುರ ಆದೀತು,” ಎಂದ.

ಅದನ್ನು ಕೇಳಿ ನೀಲಗಂಗಮ್ಮನಿಗೆ ಈಗಲೇ ಹೇಳಿಬಿಡಲೇ ಎನಿಸಿತು. ಹೇಳಲಿಲ್ಲ. ಅಷ್ಟು ಕಲ್ಲಾಗಿದ್ದಳು. ಅವತ್ತೇ ಸಂಜೆ ಹುಲಿಗೆಮ್ಮನ ಮನೆಗೆ ಹೋಗಿ ಹೊಸ್ತಿಲ ಹೊರಗೆ ನಿಂತು, “ನಾಳೆ ಹತ್ತೂವರಿಗೆ ಕಾರ್ಖಾನಿಗೆ ಬಾ. ಯಮನೂರಪ್ಪನ್ನ ಕೊಂದಾವ್ರು ಯಾರಂತ ಅವರ ಬಾಯಿಲೇ ಹೇಳಸ್ತೀನಿ” ಎಂದಳು. ಹುಲಿಗೆಮ್ಮ ಒಳಗೆ ಕರೆಯಲಿಲ್ಲ. ಬರುತ್ತೇನೆ ಎಂದೂ ಅನ್ನಲಿಲ್ಲ.

ಮರುದಿನ ಗಾಜಿನ ಗಣಕದ ಕೋಣೆಯಲ್ಲಿ ಐದು ಕುರ್ಚಿ. ಮಾಲಿಪಾಟೀಲರು ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ ಬಂದರು. ಎದುರಿಗೆ ಗುರುಪಾದಪ್ಪ, ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ನೆಲ ನೋಡುತ್ತ. ಹುಲಿಗೆಮ್ಮ ಬಂದಳು, ಕುರ್ಚಿ ಬೇಡವೆಂದು ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ಫರ್ಹಾನಾ ಮೈಕು ಚಾಲೂ ಮಾಡಿ ನಿಯಮ ಓದಿದಳು: ಶುರುವಾದ ಓದು ಅರ್ಧಕ್ಕೆ ನಿಂತರೆ, ಯಾರು ನಿಲ್ಲಿಸಿದರು ಎಂಬುದೂ ಗಾಜಿನಲ್ಲಿ ದಾಖಲಾಗುತ್ತದೆ. ಮಾಲಿಪಾಟೀಲರು ‘ಇದರಲ್ಲಿರುವುದೆಲ್ಲ ನಾನು ಒಪ್ಪಿಸಿದ್ದು’ ಎಂಬುದರ ಕೆಳಗೆ ಹೆಬ್ಬೆಟ್ಟು ಒತ್ತಿದರು. ಓದತೊಡಗಿದರು. ಭಾಷಣದ ರೂಢಿಯಿದ್ದ ದನಿ.

“ಹನ್ನೊಂದು ಗಂಟೆ ಏಳು ನಿಮಿಷ. ಅಮೋನಿಯಾ ಅಲಾರಂ ಬಂದ್. ಮಾಡಿದವರು ಆಪರೇಟರ್ ಜಿ.ಪಿ.”

“ಹೌದ್ರಿ,” ಎಂದ ಗುರುಪಾದಪ್ಪ.

ಬಾಗಿಲ ಬಳಿ ಹುಲಿಗೆಮ್ಮ ಥೂ ಎಂದಳು. ನೀಲಗಂಗಮ್ಮ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಹದಿನೆಂಟು ಸಾಲು ಹೀಗೆಯೇ ಹೋಯಿತು, ಹದಿನೆಂಟು ಸಲ ಗಂಡ ಹೌದು ಎಂದ. ಮಾಲಿಪಾಟೀಲರು ಕನ್ನಡಕ ತೆಗೆದು ಏಳಲು ಹೊರಟರು.

“ಇನ್ನೂ ಐತ್ರಿ ಸಾಹೇಬ್ರ,” ಎಂದಳು ನೀಲಗಂಗಮ್ಮ. “ಇದೇ ಡಿಸ್ಕಿನ ಕೆಳಗಿನ ಪದರ.”

ಹೊಸ ಸಾಲುಗಳು ಪರದೆಗೆ ಬಂದವು. ಮಾಲಿಪಾಟೀಲರು ಮೊದಲ ಸಾಲು ನೋಡಿದರು. ಕನ್ನಡಕ ಮತ್ತೆ ಏರಿಸಿ ಇನ್ನೊಮ್ಮೆ ನೋಡಿದರು.

“ಇದೇನಿದು? ಇದು... ಇದು ಕಸ. ಯಂತ್ರದ ತಪ್ಪು.”

“ಯಂತ್ರ ಇದ್ದದ್ದನ್ನ ಓದೈತಿ ಸರ್,” ಎಂದಳು ಫರ್ಹಾನಾ. “ಬ್ಯಾರೆ ಏನೂ ಮಾಡಂಗಿಲ್ಲ.”

“ನಾ ಒಪ್ಪಿಸಿದ್ದಲ್ಲ ಇದು.”

“ಹಂಗಂತ ಮೈಕಿಗೆ ಹೇಳ್ರಿ,” ಎಂದಳು ನೀಲಗಂಗಮ್ಮ. ಅವಳ ದನಿ ಸಾಮಾನು ಎಣಿಸುವವರ ದನಿಯಾಗಿತ್ತು. “ಎರಡು ದಿನ ನಿಮ್ಮ ಕಡೆ ಇದ್ದ ಡಿಸ್ಕಿನ್ಯಾಗ ಎರಡು ಬರಹ ಹೆಂಗ ಬಂದು, ಅದನ್ನೂ ಹೇಳ್ರಿ. ಗೇಟ್ ಪಾಸ್ ಇಲ್ಲೇ ಐತಿ. ಹೇಳಾಕ ಒಲ್ಲೆ ಅಂದ್ರ ‘ಓದಲು ನಿರಾಕರಿಸಿದರು’ ಅಂತ ಗಾಜಿನ್ಯಾಗ ಕೂರ್ತೈತಿ, ಈ ಸಾಲಿನ ಮಗ್ಗಲಾ. ಅಳಸಾಕ ಬರಂಗಿಲ್ಲ.”

ಮಾಲಿಪಾಟೀಲರು ಬಾಗಿಲ ಕಡೆ ನೋಡಿದರು. ಹುಲಿಗೆಮ್ಮ ಅಲ್ಲಾಡಲಿಲ್ಲ. “ನನಗ ಓದಾಕ ಬರಂಗಿಲ್ಲಪ್ಪ. ನೀನಾ ಓದು,” ಎಂದಳು. ಸಾಹೇಬರನ್ನು ಆಕೆ ಹಾಗೆ ಏಕವಚನದಲ್ಲಿ ಕರೆದದ್ದು ಅದೇ ಮೊದಲು.

ಅವರು ಓದಿದರು. ದನಿ ಬಾವಿಯ ತಳದಿಂದ ಬಂದಂತಿತ್ತು.

“ಹನ್ನೊಂದು ಏಳು. ಅಲಾರಂ ಬಂದ್. ಮಾಡಿದ್ದು... ಮ್ಯಾನೇಜರ್ ಕೋಣೆಯಿಂದ. ಹನ್ನೊಂದು ಒಂಬತ್ತು. ಅಲಾರಂ ಚಾಲೂ. ಆಪರೇಟರ್ ಜಿ.ಪಿ.”

ಗುರುಪಾದಪ್ಪ ತಲೆ ಎತ್ತಿದ. ಹೌದು ಎನ್ನಲಿಲ್ಲ.

“ಹನ್ನೊಂದು ಹತ್ತು. ಅಲಾರಂ ಬಂದ್. ಮ್ಯಾನೇಜರ್ ಕೋಣೆ. ಹನ್ನೊಂದು ಹನ್ನೆರಡು. ಅಲಾರಂ ಚಾಲೂ. ಆಪರೇಟರ್ ಜಿ.ಪಿ. ಹನ್ನೊಂದು ಹನ್ನೆರಡು. ಅಲಾರಂ ಬಂದ್, ಆಪರೇಟರ್ ಬಟನ್ನಿಗೆ ಬೀಗ. ಮ್ಯಾನೇಜರ್ ಕೋಣೆ.”

“ಯಾಕ?” ಎಂದಳು ಹುಲಿಗೆಮ್ಮ.

ಉತ್ತರ ಪರದೆಯಲ್ಲಿ ಇರಲಿಲ್ಲ. ಅವರೇ ಹೇಳಿದರು, ಯಾರನ್ನೂ ನೋಡದೆ. “ಸಾವಿರ ದಿನ ಅಪಘಾತ ಇಲ್ಲ ಅಂತ ಅವತ್ತ ಸಮಾರಂಭ ಇತ್ತು. ದೆಹಲಿಯಿಂದ ಮಂದಿ ಬಂದಿದ್ರು. ಅದು ಸುಮ್ನ ಬಡ್ಕೊಳ್ಳಾಕತ್ತದ ಅಂತ ತಿಳಿದೆ.”

“ಓದ್ರಿ,” ಎಂದಳು ನೀಲಗಂಗಮ್ಮ.

“ಹನ್ನೊಂದು ಹದಿನಾಲ್ಕು. ಕಂಟ್ರೋಲ್ ರೂಮ್ ಬಾಗಿಲು ತೆರೆಯಿತು. ಕಾರ್ಡು ಜಿ.ಪಿ. ಹನ್ನೊಂದು ಹದಿನಾರು. ಲೋಡಿಂಗ್ ಶೆಡ್ಡಿನ ಷಟರ್ ಹೊರಗಿನಿಂದ ತೆರೆಯಿತು. ಕಾರ್ಡು... ಜಿ.ಪಿ.”

ಆ ಷಟರಿನಿಂದಲೇ ಏಳು ಮಂದಿ ಜೀವಂತ ಹೊರಬಿದ್ದದ್ದು. ಯಾರು ತೆರೆದರೆಂದು ತಿಳಿಯದೆ ಅಮ್ಮನೇ ಬಂದು ತೆರೆದಳೆಂದು ಆ ಏಳು ಮನೆಯವರು ವರ್ಷಾ ವರ್ಷ ದೇವಿಗೆ ಕಾಯಿ ಒಡೆಸುತ್ತಿದ್ದರು. ಒಡೆಸಿ, ಬರುವ ದಾರಿಯಲ್ಲಿ ಗುರುಪಾದಪ್ಪನ ಮನೆ ಕಂಡರೆ ಮುಖ ತಿರುವುತ್ತಿದ್ದರು. ಮನುಷ್ಯರ ನ್ಯಾಯ ಇಷ್ಟೇ ನೋಡಿ.

ಹುಲಿಗೆಮ್ಮ ಸೆರಗು ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ತಿರುಗಿದಳು. “ಓಡಿ ಹೋಗಿಲ್ಲ ಅಂದ್ರ ಇಂವಾ. ಒಳಗ ಹೊಂಟಿದ್ದ,” ಎಂದದ್ದು ಅರ್ಧ ಕೇಳಿಸಿತು.

ನೀಲಗಂಗಮ್ಮ ಗಂಡನನ್ನು ನೋಡಿದಳು. ಅಳುತ್ತಾನೆಂದು ಅಂದುಕೊಂಡಿದ್ದಳು. ಎದ್ದು ಮುದುಕನ ಕೊರಳಪಟ್ಟಿ ಹಿಡಿಯಲೆಂದು ಒಂದು ಮನಸ್ಸು ಬಯಸಿತ್ತು. ಹಿಡಿದರೆ ತಾನು ಬಿಡಿಸಬಾರದೆಂದೂ ನಿಶ್ಚಯಿಸಿದ್ದಳು. ಇಷ್ಟು ವರ್ಷ ಈ ಸೇಡು ತನ್ನದೆಂದೇ ತಿಳಿದಿದ್ದಳು.

ಗುರುಪಾದಪ್ಪ ಅಳಲಿಲ್ಲ, ಏಳಲೂ ಇಲ್ಲ. ಕುರ್ಚಿಯನ್ನು ಮುಂದೆ ಎಳೆದುಕೊಂಡು ಮೇಜಿನ ಮೇಲೆ ಎರಡೂ ಕೈ ಊರಿದ. ಮದುವೆಯಾಗಿ ಮೂವತ್ತೈದು ವರ್ಷದಲ್ಲಿ ಆಕೆ ಆ ಕಣ್ಣುಗಳನ್ನು ಕಂಡಿರಲಿಲ್ಲ.

“ಇನ್ನೊಮ್ಮೆ ಓದ್ರಿ ಸಾಹೇಬ್ರ.”

“ಆತಲ್ಲಪ್ಪ, ಮುಗೀತು...”

“ನಾ ಇನ್ನಾ ಹೌದು ಅಂದಿಲ್ಲ.” ಅವನು ಫರ್ಹಾನಾಳ ಕಡೆ ತಿರುಗಿದ. “ನಾ ಹೌದು ಅನ್ನೂತನಕ ಮುಗಿಯಂಗಿಲ್ಲ, ಅಲ್ಲವಾ?”

“ಮುಗಿಯಂಗಿಲ್ರಿ,” ಎಂದಳು ಫರ್ಹಾನಾ.

ಅವರು ಓದಿದರು. ಗುರುಪಾದಪ್ಪ ಪ್ರತಿ ಸಾಲನ್ನೂ ತುಟಿಯಲ್ಲಿ ತನ್ನಷ್ಟಕ್ಕೆ ಹೇಳಿಕೊಂಡ. ಮುಗಿದ ಮೇಲೆ ಇನ್ನೊಮ್ಮೆ ಎಂದ. ಮೂರನೆಯ ಸಲ ಷಟರಿನ ಸಾಲಿಗೆ ಬಂದಾಗ ಮಾಲಿಪಾಟೀಲರು ಎರಡೂ ಕೈ ಜೋಡಿಸಿದರು. “ತಪ್ಪಾತು ಗುರುಪಾದಪ್ಪ, ಮುದುಕ ಅದೀನಿ, ಬಿಟ್ಟುಬಿಡು” ಎಂದರು. ಅದೂ ಗಾಜಿನಲ್ಲಿ ಕೂತಿತು. ಅವನು ಆ ಜೋಡಿಸಿದ ಕೈಗಳನ್ನು ಒಂದು ಗಳಿಗೆ ನೋಡಿ, ಪರದೆಯ ಕಡೆ ಬೆರಳು ತೋರಿಸಿದ. ಊಟದ ಸೈರನ್ ಆಯಿತು. ಯಾರೂ ಏಳಲಿಲ್ಲ. ಆರನೆಯ ಸಲಕ್ಕೆ ಮಾಲಿಪಾಟೀಲರ ಗಂಟಲು ಕಟ್ಟಿ ಸ್ವರ ಹೊರಡದಾಯಿತು.

ನೀಲಗಂಗಮ್ಮನಿಗೇ ಸಾಕೆನಿಸಿತು. “ರೀ, ಹೌದು ಅಂದುಬಿಡ್ರಿ ಇನ್ನ,” ಎಂದಳು ಮೆಲ್ಲಗೆ.

ಗುರುಪಾದಪ್ಪ ಆಕೆಯ ಮಾತು ಕೇಳಿಸಿಕೊಂಡ. ತನ್ನ ಮುಂದಿದ್ದ ನೀರಿನ ಲೋಟ ಎತ್ತಿ, ಒಂದು ಹನಿಯೂ ಚೆಲ್ಲದಂತೆ, ಮಾಲಿಪಾಟೀಲರ ಕೈಗೆ ಕೊಟ್ಟ.

“ಕುಡೀರಿ ಸಾಹೇಬ್ರ. ಸಾವಕಾಶ ಕುಡೀರಿ. ಇಪ್ಪತ್ನಾಲ್ಕು ವರ್ಷ ನನಗೇನೂ ಅವಸರ ಇರಲಿಲ್ಲ. ಕುಡದು ಮೊದಲಿಂದ ಓದ್ರಿ.”